ಒಂದು ಕಮ್ಮಿ ಅರವತ್ತೊಂದು

ರಾಯ್ಸ್ ಪೀಸ್ಲಿ ಆ ಮಂಗಳವಾರ ಬೆಳಿಗ್ಗೆ ಬೇಲಿಯ ಆಚೆ ನಿಂತು ಟೋಪಿ ತೆಗೆಯದೆ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ.

ಹಾಲು ಕರೆದು, ತುಂಬಿದ ಕ್ಯಾನು ಹಿಡಿದು ಕೊಟ್ಟಿಗೆಯಿಂದ ಹೊರಗೆ ಬಂದ ಎಲ್ವಿನ್ ಟ್ರಾಸ್ಕ್ ನಿಂತಲ್ಲೇ ಕಂಬವಾದ. ಎರಡು ಹೊಲಗಳ ನಡುವಿನ ಬೇಲಿಯನ್ನು ಯಾರು ರಿಪೇರಿ ಮಾಡಬೇಕು ಎಂಬ ಜಗಳ ಹತ್ತಿ ಹನ್ನೊಂದು ವರ್ಷವಾಗಿತ್ತು. ಆ ಹನ್ನೊಂದು ವರ್ಷದಲ್ಲಿ ರಾಯ್ಸ್ ಅವನತ್ತ ಮುಖ ಸಿಂಡರಿಸಿದ್ದುಂಟು, ನಾಯಿ ಛೂ ಬಿಟ್ಟದ್ದುಂಟು, ಟೋಪಿ ತೆಗೆದದ್ದು ಮಾತ್ರ ಇಲ್ಲ. ಇವತ್ತು ಟೋಪಿ ತೆಗೆದದ್ದಲ್ಲದೆ, ಹಲ್ಲು ಕಿರಿದು, “ಒಳ್ಳೇದಾಗ್ಲಿ ಎಲ್ವಿನ್” ಎಂದು ಬೇರೆ ಹೇಳಿ ಹೋದ.

ಎಲ್ವಿನ್ ಅಡುಗೆಮನೆಗೆ ಬಂದು ಹೆಂಡತಿಗೆ ಸುದ್ದಿ ಮುಟ್ಟಿಸಿದ. “ವರ್ನಾ, ರಾಯ್ಸ್ ನನಗೆ ಟೋಪಿ ತೆಗೆದ.”

“ತಲೆ ತುರಿಸಿರ್ಬೇಕು,” ಎಂದಳು ವರ್ನಾ, ಒಲೆಯಿಂದ ಬೀನ್ಸ್ ಮಡಕೆ ಎಳೆಯುತ್ತ.

“ನಕ್ಕ ಕಣೇ.”

“ಹಲ್ಲು ನೋವೇನೋ. ಸುಮ್ನೆ ಕೂತ್ಕೊಂಡು ತಿನ್ನು. ಹ್ಯಾಟಿ ಅತ್ತೆನ ವೋಟಿಗೆ ಕರ್ಕೊಂಡ್ ಬರ್ಬೇಕು ನೀನು.”

ಅವಳು ಈ ಕಡೆ ತಿರುಗದೆಯೇ ಮಾತಾಡಿದಳು. ಅದನ್ನು ಎಲ್ವಿನ್ ಗಮನಿಸಲಿಲ್ಲ. ಗಮನಿಸುವ ಗಂಡ ಅವನಾಗಿದ್ದರೆ ಈ ಕತೆಯೇ ಬೇರೆ.

ಐವತ್ನಾಲ್ಕನೇ ಇಸವಿಯ ನವೆಂಬರ್ ಚುನಾವಣೆ ಅದು. ಇಡೀ ವರ್ಮಾಂಟ್ ರಾಜ್ಯಕ್ಕೆ ಅವತ್ತೇ ವೋಟು. ಗವರ್ನರು, ಆಡಿಟರು, ವಾಷಿಂಗ್ಟನ್ನಿಗೆ ಹೋಗುವವರು, ಎಲ್ಲರೂ ಒಂದೇ ಚೀಟಿಯಲ್ಲಿ. ಆದರೆ ನಮ್ಮ ಟಟಲ್ ಹಿಲ್‌ನವರಿಗೆ ಚೀಟಿಯ ಮೇಲ್ತುದಿಯ ದೊಡ್ಡವರ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಅವರು ಗೆದ್ದರೂ ಸೋತರೂ ನಮ್ಮ ರಸ್ತೆಯ ಕೆಸರು ಕೆಸರೇ. ನಮ್ಮ ಕಣ್ಣೆಲ್ಲ ಕೆಳತುದಿಯ ಒಂದು ಸಾಲಿನ ಮೇಲೆ. ಆಗೆಲ್ಲ ಎಷ್ಟೇ ಸಣ್ಣ ಊರಾಗಲಿ, ಮಾಂಟ್‌ಪೀಲಿಯರಿನ ಶಾಸನಸಭೆಯಲ್ಲಿ ಅದಕ್ಕೆ ತನ್ನದೇ ಒಂದು ಕುರ್ಚಿ ಇತ್ತು. ಮೂವತ್ತು ಸಾವಿರ ಜನರ ಪಟ್ಟಣಕ್ಕೂ ಒಂದು, ಅರವತ್ತೊಂದು ವೋಟಿನ ನಮಗೂ ಒಂದು. ಈಗ ಅದೆಲ್ಲ ಹೋಯಿತು. ಸುತ್ತಲ ಎಷ್ಟೋ ಊರುಗಳಿಗೆ ಸೇರಿ ಒಬ್ಬ, ಅವನ ಮುಖವನ್ನೂ ಪೇಪರಿನಲ್ಲೇ ನೋಡಬೇಕು. ನೆನೆದರೆ ಹೊಟ್ಟೆ ಉರಿಯುತ್ತದೆ.

ಆ ಕುರ್ಚಿಯನ್ನು ನಾವು ಪಾಳಿಯ ಮೇಲೆ ಹಂಚಿಕೊಂಡು ಬರುತ್ತಿದ್ದೆವು. ಎರಡು ವರ್ಷಕ್ಕೊಬ್ಬರು. ಪಾಳಿ ಬಂದವರ ಎದುರು ಯಾರೂ ನಿಲ್ಲುವುದಿಲ್ಲ. ಆದರೆ ನಿಂತವನು ಎರಡು ಮರ್ಯಾದೆ ಪಾಲಿಸಬೇಕು. ಒಂದು, ಯಾರ ಹತ್ತಿರವೂ ವೋಟು ಕೇಳಕೂಡದು. ಎರಡು, ತನಗೆ ತಾನು ವೋಟು ಹಾಕಿಕೊಳ್ಳಕೂಡದು. ತನ್ನ ಹೆಸರು ಬಿಟ್ಟು, ಕೆಳಗಿನ ಖಾಲಿ ಗೆರೆಯ ಮೇಲೆ ಇನ್ನೊಬ್ಬರ ಹೆಸರು ಬರೆಯಬೇಕು. ಹಾಗಾಗಿ ನಮ್ಮೂರಿನ ಫಲಿತಾಂಶ ಯಾವಾಗಲೂ ಒಂದೇ ತೆರ: ಎಷ್ಟು ವೋಟು ಬಿದ್ದಿದೆಯೋ ಅದಕ್ಕೆ ಒಂದು ಕಮ್ಮಿ. ಆ ಕಮ್ಮಿಯಾದ ಒಂದರಲ್ಲೇ ಮನುಷ್ಯನ ಮಾನ.

ಹಿಂದೊಮ್ಮೆ ವಿಲ್ಬರ್ ಎಂಬಾತ ಬಿದ್ದ ಅಷ್ಟೂ ವೋಟು ಪಡೆದುಬಿಟ್ಟ. ಐವತ್ತೆಂಟಕ್ಕೆ ಐವತ್ತೆಂಟು. ಯಾರೂ ಏನೂ ಅನ್ನಲಿಲ್ಲ. ಆದರೆ ಅವತ್ತಿನಿಂದ ಅವನು ‘ಪೂರ್ತಿ ವಿಲ್ಬರ್’ ಆದ. ಅವನ ಮಗಳು ‘ಪೂರ್ತಿ ವಿಲ್ಬರನ ಮಗಳು’ ಎಂದೇ ಮದುವೆಯಾಗಿ ಹೋದಳು. ಕೊನೆಗೆ ಅವನು ಹೊಲ ಮಾರಿ ನ್ಯೂಯಾರ್ಕ್ ಕಡೆಗೆ ಹೊರಟುಹೋದ. ಅಲ್ಲಿಯವರಿಗೆ ಇಂಥದ್ದೆಲ್ಲ ಲೆಕ್ಕಕ್ಕಿಲ್ಲವಂತೆ.

ಈ ಸಲದ ಪಾಳಿ ಎಲ್ವಿನ್‌ದು. ಅವನಿಗೆ ಕಾನೂನು ಮಾಡುವ ಹುಚ್ಚೇನೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ನಿದ್ದೆ. ಹನ್ನೆರಡನೇ ವಯಸ್ಸಿನಿಂದ ಐವತ್ತೆಂಟರವರೆಗೆ ಒಂದು ದಿನವೂ ತಪ್ಪದೆ ನಸುಕಿನ ನಾಲ್ಕಕ್ಕೆ ಎದ್ದು ಹಸುಗಳ ಕೆಳಗೆ ಕೂತವನು ಅವನು. ಹಿಂದಿನ ಪಾಳಿಯವರು ಬಂದು ಹೇಳಿದ್ದರು: ಸಭೆಯಲ್ಲಿ ಕೆಂಪು ಮಖಮಲ್ಲಿನ ಕುರ್ಚಿ, ಕಾಲಬುಡದಲ್ಲಿ ಬಿಸಿ ಹಬೆಯ ಕೊಳವೆ, ಊಟವಾದ ಮೇಲೆ ಅರ್ಧ ಸಭೆಯೇ ತೂಕಡಿಸುತ್ತದೆ, ಯಾರೂ ಏಳಿಸುವುದಿಲ್ಲ. ಒಂದೇ ಒಂದು ಚಳಿಗಾಲ ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಬೇಕು, ಹಸುಗಳನ್ನು ವರ್ನಾ ನೋಡಿಕೊಳ್ಳುತ್ತಾಳೆ, ಇಷ್ಟೇ ಅವನ ಯೋಜನೆ. ಯೋಜನೆಯ ಎರಡನೆಯ ಭಾಗವನ್ನು ವರ್ನಾಗೆ ಇನ್ನೂ ಹೇಳಿರಲಿಲ್ಲ.

ಇಂಥ ಹೊತ್ತಿನಲ್ಲಿ ರಾಯ್ಸ್ ಟೋಪಿ ತೆಗೆದದ್ದು.

ಗಾಡಿ ಇಲ್ಲದವರನ್ನು ವೋಟಿಗೆ ಕರೆತರುವುದು ನಿಂತವನ ಕೆಲಸ. ಯಾರಿಗೆ ಹಾಕುತ್ತೀರಿ ಎಂದು ಕೇಳುವ ಹಾಗಿಲ್ಲ. ಎಲ್ವಿನ್ ಟ್ರಕ್ ತೆಗೆದುಕೊಂಡು ಹ್ಯಾಟಿ ಡನ್‌ಹ್ಯಾಮ್ ಮನೆಗೆ ಹೋದ. ಎಂಬತ್ತು ದಾಟಿದ ಮುದುಕಿ, ಊರಿಗೆಲ್ಲ ಅತ್ತೆ. ತೊಡೆಯ ಮೇಲೆ ಎರಡು ಕುಂಬಳದ ಪೈ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು.

“ನಿಧಾನ ಕಣೋ, ಪೈ ಒಡೆಯುತ್ತೆ.”

“ನಿಧಾನಾನೇ ಹೋಗ್ತಿದೀನಿ ಅತ್ತೆ.”

“ನಿನ್ನ ನಾಯಿ ನನ್ನ ಟುಲಿಪ್ ಗಡ್ಡೆ ಎಲ್ಲಾ ಕಿತ್ತು ಹಾಕ್ತಲ್ಲೋ ಮೊನ್ನೆ.”

“ಕಟ್ಟಿ ಹಾಕ್ತೀನಿ.”

“ಹೋದ ವರ್ಷಾನೂ ಹಂಗೇ ಅಂದಿದ್ದೆ. ರಾಯ್ಸ್‌ನ ನೋಡು. ಹೋದ ಚಳೀಲಿ ನಾನು ಬಾಯಿ ಬಿಡೋಕೆ ಮುಂಚೆ ಬಂದು ನನ್ನ ಸೂರಿನ ಮೇಲಿನ ಹಿಮ ಎಲ್ಲಾ ಎಳೆದು ಹಾಕಿದ. ಜನ ಅದನ್ನೆಲ್ಲ ನೆನಪಿಟ್ಕೋತಾರಪ್ಪ.”

“ಯಾವ ಜನ ಅತ್ತೆ?”

“ಜನ ಅಂದ್ರೆ ಜನ. ಏನೇನೋ ಮಾಡ್ತಿರ್ತಾರೆ ಜನ. ಹೇಳ್ಬೇಡ ಅಂದಿದಾರೆ, ನಾನ್ಯಾಕೆ ಹೇಳ್ಲಿ?” ಎಂದು ಮುದುಕಿ ಬಾಯಿ ಬಿಗಿಹಿಡಿದು ಕಿಟಕಿಯಾಚೆ ನೋಡತೊಡಗಿದಳು.

ಎಲ್ವಿನ್ ಅವಳ ಮುಖ ನೋಡಲು ತಿರುಗಿದ. ಅಷ್ಟರಲ್ಲಿ ಟ್ರಕ್ಕಿನ ಎಡಗಾಲಿ ಚರಂಡಿಗೆ ಇಳಿಯಿತು. ಮೊದಲ ಹಿಮ ಬಿದ್ದು ಕರಗಿದ್ದ ಮಣ್ಣು, ಗಾಲಿ ತಿರುಗಿದಷ್ಟೂ ಆಳಕ್ಕೆ ಹೋಗುತ್ತದೆ. ಎಲ್ವಿನ್ ಇಳಿದು ತಳ್ಳಿದ. ಟ್ರಕ್ ಅಲ್ಲಾಡಲಿಲ್ಲ, ಅವನೇ ಮೊಣಕಾಲವರೆಗೆ ಹೂತುಹೋದ. ಒಳಗಿನಿಂದ ಹ್ಯಾಟಿ ಅತ್ತೆ, “ಪೈ ಚೆನ್ನಾಗಿದೆ, ನೀನು ಯೋಚ್ನೆ ಮಾಡ್ಬೇಡ” ಎಂದು ಧೈರ್ಯ ಹೇಳಿದಳು.

ಆಗ ಟ್ರ್ಯಾಕ್ಟರಿನ ಸದ್ದು. ಬಂದವನು ರಾಯ್ಸ್. ಇಳಿದ, ಟೋಪಿ ತೆಗೆದ, ಸರಪಳಿ ಕಟ್ಟಿದ, ಎಳೆದು ಹಾಕಿದ, ಮತ್ತೆ ಟೋಪಿ ತೆಗೆದ. ಬೇಲಿಯ ವಿಷಯ ಒಂದಕ್ಷರ ಎತ್ತಲಿಲ್ಲ.

“ಎಂಥಾ ಸಂಭಾವಿತ!” ಎಂದಳು ಹ್ಯಾಟಿ ಅತ್ತೆ.

ಒಂದೇ ದಿನಕ್ಕೆ ಮೂರು ಸಲ ಟೋಪಿ. ಎಲ್ವಿನ್‌ಗೆ ಈಗ ಅನುಮಾನ ಉಳಿಯಲಿಲ್ಲ. ಎಲ್ಲರೂ ಸೇರಿ ತನ್ನ ಹೆಸರು ಬಿಟ್ಟು ಖಾಲಿ ಗೆರೆಯ ಮೇಲೆ ರಾಯ್ಸ್ ಹೆಸರು ಬರೆಯುತ್ತಿದ್ದಾರೆ! ಕೆಂಪು ಕುರ್ಚಿ ಕಣ್ಣೆದುರೇ ಜಾರಿಹೋಗುತ್ತಿದೆ.

ಊರಿನ ಹಾಲ್‌ನಲ್ಲಿ ಎಂದಿನಂತೆ ಒಂದು ಮೂಲೆಯಲ್ಲಿ ಪರದೆ ಕಟ್ಟಿದ ಬೂತು, ಇನ್ನೊಂದು ಮೂಲೆಯಲ್ಲಿ ಚರ್ಚಿನ ಹೆಂಗಸರ ಊಟ. ವೋಟು ಹಾಕಲು ಬಂದವರು ಉಣ್ಣದೆ ಹೋಗುತ್ತಿರಲಿಲ್ಲ. ಆ ಕಟ್ಟಿಗೆ ಒಲೆಯ ಹೊಗೆ, ಬೀನ್ಸು, ಕಂದು ಬ್ರೆಡ್ಡು, ಒದ್ದೆ ಉಣ್ಣೆ ಕೋಟು, ಎಲ್ಲ ಕಲೆತ ವಾಸನೆ ನನಗೆ ಇವತ್ತಿಗೂ ಚುನಾವಣೆಯ ವಾಸನೆ. ಈಗಿನ ಯಂತ್ರಗಳಿಗೆ ಯಾವ ವಾಸನೆಯೂ ಇಲ್ಲ.

ಮೈಯೆಲ್ಲ ಕೆಸರಾಗಿದ್ದ ಎಲ್ವಿನ್ ಒಳಗೆ ಬಂದದ್ದೇ ತಡ, ಪೈ ಮೇಜಿನ ಸುತ್ತ ಗುಸುಗುಸು ಮಾತಾಡುತ್ತಿದ್ದ ಐದಾರು ಹೆಂಗಸರು ಗಪ್‌ಚಿಪ್. ಒಬ್ಬಳು ಚಾವಣಿ ನೋಡಿದಳು. ಒಬ್ಬಳು ಸುಮ್ಮನೆ ಚಮಚ ಎಣಿಸಿದಳು. ಅವನು ತಟ್ಟೆ ಹಿಡಿದು ಅತ್ತ ತಿರುಗಿದ ಕೂಡಲೇ ಬೆನ್ನ ಹಿಂದೆ ಪಿಸುದನಿ ಕೇಳಿತು: “ಎಣಿಕೆ ಮುಗಿಯೋವರೆಗೂ ಎಲ್ವಿನ್‌ಗೆ ತಿಳೀಬಾರ್ದು. ಮಿಕ್ಕಿದ್ದೆಲ್ಲಾ ರಾಯ್ಸ್ ನೋಡ್ಕೋತಾನೆ.”

ಎಲ್ವಿನ್ ಬೀನ್ಸ್ ಮುಟ್ಟಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಬೆರಳು ಮಡಚತೊಡಗಿದ. ಹ್ಯಾಟಿ ಅತ್ತೆ: ಟುಲಿಪ್ ಸಿಟ್ಟು, ಅವಳು ರಾಯ್ಸ್ ಕಡೆ. ಪೈ ಮೇಜಿನವರು ಆರು, ಅವರ ಗಂಡಂದಿರು ಆರು. ಗರಗಸದ ಮಿಲ್ಲಿನವರ ಏಣಿ ತಂದು ಹಿಂದಕ್ಕೆ ಕೊಟ್ಟಿಲ್ಲ, ಅಲ್ಲಿ ನಾಲ್ಕು. ಹೀಗೆ ತಾನು ಮಾಡಿದ ಪಾಪಗಳನ್ನೆಲ್ಲ ಮನೆಮನೆ ಲೆಕ್ಕ ಹಾಕಿದ. ಐವತ್ತೆಂಟು ವರ್ಷದ ಪಾಪ, ಬೆರಳು ಸಾಲದೆ ಬೀನ್ಸ್ ಕಾಳು ಸಾಲಾಗಿ ಜೋಡಿಸಿದ. ಎರಡು ಸಲ ಎಣಿಸಿದರೂ ಒಂದೇ ಉತ್ತರ: ರಾಯ್ಸ್‌ಗೆ ಮೂವತ್ತು, ತನಗೆ ಮೂವತ್ತು. ಉಳಿದದ್ದು ಒಂದೇ, ಅವನದೇ ವೋಟು.

ಐದಕ್ಕೆ ವೋಟು ಮುಚ್ಚುತ್ತದೆ. ಐದಕ್ಕೆ ಆರು ನಿಮಿಷವಿದ್ದಾಗ ಎಲ್ವಿನ್ ಪರದೆಯೊಳಗೆ ಹೋದ. ದಾರ ಕಟ್ಟಿ ನೇತುಹಾಕಿದ್ದ ಗಿಡ್ಡ ಪೆನ್ಸಿಲ್ ಕೈಗೆ ತೆಗೆದುಕೊಂಡ. ಅವನ ಬೂಟು ಪರದೆಯ ಕೆಳಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುವುದು ನಮಗೆ ಕಾಣುತ್ತಿತ್ತು. ಒಳಗೆ ಆದದ್ದು ಇಷ್ಟು: ಒಂದು ಕಡೆ ಪೂರ್ತಿ ವಿಲ್ಬರ್ ನಿಂತಿದ್ದ, ಇನ್ನೊಂದು ಕಡೆ ಕೆಂಪು ಕುರ್ಚಿ. ನಲವತ್ತಾರು ವರ್ಷದ ನಿದ್ದೆ ಕುರ್ಚಿಯ ಕಡೆ ಸೇರಿಕೊಂಡಿತು. ಎಲ್ವಿನ್ ಟ್ರಾಸ್ಕ್ ಎಂಬ ಹೆಸರಿನ ಮುಂದೆ ಎಲ್ವಿನ್ ಟ್ರಾಸ್ಕ್ ಗುರುತು ಹಾಕಿದ.

ಚೀಟಿ ಪೆಟ್ಟಿಗೆಗೆ ಹಾಕಿ ಈಚೆ ಬಂದಾಗ ಎದುರಿಗೆ ವರ್ನಾ. ಬೆಳಗಿನಿಂದ ಆ ಹಾಲ್‌ನ ಅಡುಗೆಯಲ್ಲೇ ಇದ್ದವಳು ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ಕೊನೆಯವಳಾಗಿ ಬಂದಿದ್ದಳು. ಗಂಡನ ಮುಖ ಒಮ್ಮೆ ನೋಡಿದಳು, ಪರದೆ ಸರಿಸಿ ಒಳಗೆ ಹೋದಳು. ಅವಳು ಬಂದ ಮೇಲೆ ಗಂಟೆ ಹೊಡೆಯಿತು.

ಎಣಿಕೆಗೆ ನಾವು ನಾಲ್ವರು. ಊರಿನ ಕ್ಲರ್ಕ್ ಬ್ಯೂಲಾ ಕಾಬ್ ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮೊದಲು ಗವರ್ನರಿಂದ ಹಿಡಿದು ದೊಡ್ಡವರದೆಲ್ಲ ಎಣಿಸಿ ಬರೆದೆವು, ಯಾರೂ ಊಟದ ಮೇಜಿನಿಂದ ತಲೆ ಎತ್ತಲಿಲ್ಲ. ಮೂಲೆಯ ರೇಡಿಯೋ ರಾಜ್ಯದ ಫಲಿತಾಂಶ ಹೇಳುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ಯಾರೋ ಎದ್ದು ಹೋಗಿ ಅದರ ಕಿವಿ ತಿರುಚಿದರು. ಎಲ್ಲರ ಚಮಚ ಕೆಳಗಿಳಿಯಿತು.

“ಟ್ರಾಸ್ಕ್,” ಓದಿದಳು ಬ್ಯೂಲಾ. “ಟ್ರಾಸ್ಕ್. ಟ್ರಾಸ್ಕ್. ಟ್ರಾಸ್ಕ್.”

ಇಪ್ಪತ್ತಾಯಿತು. ಎಲ್ವಿನ್ ಉಸಿರು ಬಿಟ್ಟ. ಮೂವತ್ತಾಯಿತು, ರಾಯ್ಸ್ ಹೆಸರು ಬರಲಿಲ್ಲ. ಮೂವತ್ತೊಂದಕ್ಕೆ ಅವನು ಗೆದ್ದ. ಖುಷಿಯಿಂದ ಕೋಟಿನ ಗುಂಡಿ ಬಿಚ್ಚಿದ. ನಲವತ್ತಾಯಿತು, ಆಗಲೂ ರಾಯ್ಸ್ ಇಲ್ಲ. ಎಲ್ವಿನ್ ಮತ್ತೆ ಗುಂಡಿ ಹಾಕಿದ. ನಲವತ್ತೈದಕ್ಕೆ ಅವನ ಹಣೆಯಲ್ಲಿ ಬೆವರು ಕಾಣಿಸಿತು. ಇವರೆಲ್ಲ ತನಗೇ ಹಾಕಿದ್ದಾರೆ! ಟುಲಿಪ್ ಕಳೆದುಕೊಂಡವಳೂ ಹಾಕಿದ್ದಾಳೆ, ಏಣಿ ಕಳೆದುಕೊಂಡವರೂ ಹಾಕಿದ್ದಾರೆ. ಹೀಗೇ ಹೋದರೆ ಅರವತ್ತೊಂದಕ್ಕೆ ಅರವತ್ತೊಂದು. ಪೂರ್ತಿ ಎಲ್ವಿನ್!

ಅಲ್ಲಿಂದ ಮುಂದೆ ಅವನು ದೇವರನ್ನು ಕೇಳಿಕೊಂಡಷ್ಟು ಯಾವ ಚುನಾವಣೆಯಲ್ಲೂ ಯಾವ ಅಭ್ಯರ್ಥಿಯೂ ಕೇಳಿಕೊಂಡಿರಲಾರ. ತನ್ನ ವಿರುದ್ಧ ಒಂದೇ ಒಂದು ವೋಟು ಕೊಡಪ್ಪಾ ತಂದೆ, ಒಂದೇ ಒಂದು. ಯಾರಾದರೂ ಶತ್ರು ಬೇಡವೇ ಮನುಷ್ಯನಿಗೆ? ರಾಯ್ಸ್ ಕಡೆ ದೈನ್ಯದಿಂದ ನೋಡಿದ. ರಾಯ್ಸ್ ಟೋಪಿ ತೆಗೆದ.

“ಟ್ರಾಸ್ಕ್. ಐವತ್ತೊಂಬತ್ತು. ಟ್ರಾಸ್ಕ್. ಅರವತ್ತು.”

ಒಂದೇ ಚೀಟಿ ಉಳಿದಿತ್ತು. ಬ್ಯೂಲಾ ಅದನ್ನು ಬಿಚ್ಚಿದಳು. ಕನ್ನಡಕ ಮೇಲಕ್ಕೆ ತಳ್ಳಿ ನೋಡಿದಳು. ಪಕ್ಕದಲ್ಲಿದ್ದ ನನಗೆ ತೋರಿಸಿದಳು. ನಾನು ಆಚೆಯವರಿಗೆ ತೋರಿಸಿದೆ. ಎಲ್ವಿನ್ ಬೆಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದ.

“ಕೈಯಲ್ಲಿ ಬರೆದದ್ದು,” ಎಂದಳು ಬ್ಯೂಲಾ. “ವರ್ನಾ ಟ್ರಾಸ್ಕ್. ಒಂದು.”

ಎಲ್ಲರೂ ಎಲ್ವಿನ್ ಕಡೆ ತಿರುಗಿದರು. ಆಮೇಲೆ ಹಾಲ್ ಹಾರಿಹೋಗುವ ಹಾಗೆ ಚಪ್ಪಾಳೆ. ಮರ್ಯಾದೆಯ ವೋಟನ್ನು ಇದುವರೆಗೆ ಪಾದ್ರಿಗೆ ಕೊಟ್ಟವರಿದ್ದರು, ಡಾಕ್ಟರಿಗೆ ಕೊಟ್ಟವರಿದ್ದರು. ಕಟ್ಟಿಕೊಂಡ ಹೆಂಡತಿಗೆ ಕೊಟ್ಟವರು ಊರಿನ ಚರಿತ್ರೆಯಲ್ಲೇ ಇರಲಿಲ್ಲ. ಪೈ ಮೇಜಿನ ಹೆಂಗಸರು ಕಣ್ಣೊರೆಸಿಕೊಂಡರು. ಒರೆಸಿಕೊಂಡವರೆಲ್ಲ ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿ ನೋಡಿದರು.

“ನಮ್ಮೆಜಮಾನ್ರು ಅವರ ಪಾಳೀಲಿ ಯಾರ ಹೆಸರು ಬರೆದ್ರು ಗೊತ್ತಾ? ಪಶುವೈದ್ಯರದ್ದು!” ಎಂದಳೊಬ್ಬಳು.

ಹ್ಯಾಟಿ ಅತ್ತೆ ಎಲ್ವಿನ್‌ನ ಕೆಸರು ಕೆನ್ನೆಗೆ ಮುತ್ತು ಕೊಟ್ಟು, “ನಾಯಿ ವಿಷಯ ಮರ್ತುಬಿಡು ಕಣೋ” ಎಂದಳು. ಆಗ ರಾಯ್ಸ್ ಹೊರಗೆ ಹೋಗಿ ತನ್ನ ಕಾರಿನಿಂದ ಒಂದು ದೊಡ್ಡ ಪೊಟ್ಟಣ ತಂದ. ಗುಟ್ಟು ಅದೇ. ಹೆಂಗಸರೆಲ್ಲ ಸೇರಿ ತಿಂಗಳಿಡೀ ಹೊಲಿದ ದಿಂಬು: ಹಸಿರು ಬಟ್ಟೆ, ನಾಲ್ಕು ಮೂಲೆಗೂ ಮೇಪಲ್ ಎಲೆ, ನಡುವೆ ‘ಟಟಲ್ ಹಿಲ್’ ಎಂಬ ಕಸೂತಿ. ಎಲ್ವಿನ್ ಕಣ್ಣಿಗೆ ಬೀಳದಿರಲಿ ಎಂದು ರಾಯ್ಸ್ ಕಾರಿನಲ್ಲಿ ಅಡಗಿಸಿದ್ದರು.

“ಆ ಕುರ್ಚಿ ಮೇಲೆ ಹಾಕ್ಕೊಂಡು ಕೂತ್ಕೋ, ಮೆತ್ತಗಿರುತ್ತೆ,” ಎಂದ ರಾಯ್ಸ್.

ಎಲ್ವಿನ್ ಅತ್ತುಬಿಟ್ಟ. ಕೃತಜ್ಞತೆ ಅಂದುಕೊಂಡರು ಎಲ್ಲರೂ.

ಟ್ರಕ್ಕಿನಲ್ಲಿ ಮನೆಗೆ ಹೊರಟಾಗ ದಿಂಬು ಇಬ್ಬರ ನಡುವೆ ಕೂತಿತ್ತು. ಎಲ್ವಿನ್ ರಸ್ತೆಯಿಂದ ಕಣ್ಣು ಕೀಳದೆ ಗಿರಣಿ ತಿರುವು ದಾಟಿಸಿದ. ತನ್ನ ಹೆಂಡತಿಯ ಹೆಸರು ಬರೆದವನು ಯಾರು? ಕೇಳೋಣವೆಂದರೆ ಬಾಯಿ ಬಿಡುವಂತಿಲ್ಲ. ಅದು ನಾನಲ್ಲ ಎಂದರೆ ತನ್ನ ವೋಟು ಎಲ್ಲಿ ಹೋಯಿತೆಂದು ಹೇಳಬೇಕಾಗುತ್ತದೆ. ಪಶುವೈದ್ಯನೇ ಇರಬಹುದು. ಆ ಮನುಷ್ಯ ಮೊದಲಿನಿಂದಲೂ ವರ್ನಾ ಮಾಡಿದ ಡೋನಟ್ಟನ್ನು ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದ.

“ಥ್ಯಾಂಕ್ಸ್ ಎಲ್ವಿನ್,” ಎಂದಳು ವರ್ನಾ.

“ಅಯ್ಯೋ, ಅದಕ್ಕೇನಂತೆ. ನಿನ್ನ ಬಿಟ್ಟು ಇನ್ಯಾರ ಹೆಸರು ಬರೀಲಿ ನಾನು?”

“ಎಷ್ಟು ಚೆನ್ನಾಗಿ ಸುಳ್ಳು ಹೇಳ್ತೀಯೋ! ಶಾಸನಸಭೆಗೆ ಸರಿಯಾದವನೇ.” ವರ್ನಾ ನಗುತ್ತಿದ್ದಳು. “ಬರೆದದ್ದು ನಾನು.”

ಟ್ರಕ್ ಮತ್ತೆ ಚರಂಡಿಯ ಕಡೆಗೆ ಹೋಗಿ ಹೇಗೋ ಹಿಂದಕ್ಕೆ ಬಂತು.

“ಮಧ್ಯಾಹ್ನ ನೀನು ಬೀನ್ಸ್ ಎಣಿಸ್ತಿದ್ದಾಗಲೇ ಅಂದ್ಕೊಂಡೆ. ಪರದೆಯಿಂದ ಈಚೆ ಬಂದಾಗ ಮುಖ ನೋಡ್ದೆ, ಬೆಣ್ಣೆ ಕದ್ದ ಬೆಕ್ಕಿನ ಹಾಗಿತ್ತು. ಮೂವತ್ತೊಂದು ವರ್ಷ ಸಂಸಾರ ಮಾಡಿದೀನಿ. ನಮ್ಮನೆಯಿಂದ ಒಂದು ವೋಟು ಕಮ್ಮಿ ಆಗ್ಲೇಬೇಕಿತ್ತಲ್ಲ? ಪೂರ್ತಿ ಎಲ್ವಿನ್ ಹೆಂಡ್ತಿ ಅನ್ನಿಸ್ಕೊಳ್ಳೋಕೆ ನಂಗಿಷ್ಟ ಇರ್ಲಿಲ್ಲ.”

“ಹಂಗಾದ್ರೆ ರಾಯ್ಸ್ ಹೆಸ್ರು ಬರೀಬಹುದಿತ್ತಲ್ಲೇ?”

ವರ್ನಾ ದಿಂಬಿನ ಕಸೂತಿಯ ಮೇಲೆ ಬೆರಳಾಡಿಸಿದಳು. “ಬರೆಯೋಣ ಅಂತಲೇ ಪೆನ್ಸಿಲ್ ತಗೊಂಡೆ. ಆಮೇಲೆ ಅನ್ನಿಸ್ತು, ಈ ಊರಲ್ಲಿ ನನ್ನ ಹೆಸರನ್ನ ಯಾರೂ ಒಂದ್ಸಲಾನೂ ಗಟ್ಟಿಯಾಗಿ ಓದಿಲ್ಲ. ಕೇಳ್ಬೇಕು ಅನ್ನಿಸ್ತು.”

ಎಲ್ವಿನ್ ಗೇರು ಬದಲಿಸಿದ, ಮತ್ತೆ ಬದಲಿಸಿದ. ಕೊನೆಗೆ, “ಬ್ಯೂಲಾ ಚೆನ್ನಾಗಿ ಓದಿದ್ಲು,” ಎಂದ.

“ಚೆನ್ನಾಗೇ ಓದಿದ್ಲು. ಈಗ ಕೇಳು. ಜನವರಿಗೆ ನಾನೂ ನಿನ್ನ ಜತೆ ಮಾಂಟ್‌ಪೀಲಿಯರಿಗೆ ಬರ್ತೀನಿ.”

“ಹಸುಗಳು?”

“ರಾಯ್ಸ್ ನೋಡ್ಕೋತಾನೆ. ನಿನ್ನೆ ಸಾಯಂಕಾಲಾನೇ ಮಾತಾಡಿದೀನಿ. ಬದಲಿಗೆ ವಸಂತ ಬಂದ ಕೂಡ್ಲೇ ಬೇಲಿ ಪೂರ್ತಿ ನೀನು ರಿಪೇರಿ ಮಾಡ್ತೀಯ ಅಂತ ಮಾತು ಕೊಟ್ಟೆ. ಪಾಪ, ಎಷ್ಟು ಖುಷಿಯಾದ ಗೊತ್ತಾ?”

ಟೋಪಿಯ ಅರ್ಥ ಎಲ್ವಿನ್‌ಗೆ ಆಗ ಹೊಳೆಯಿತು.

ಆ ಚಳಿಗಾಲ ಎಲ್ವಿನ್ ಟ್ರಾಸ್ಕ್ ಮಾಂಟ್‌ಪೀಲಿಯರಿಗೆ ಹೋದ. ಕುರ್ಚಿ ಕೆಂಪಗೇ ಇತ್ತು, ಮಖಮಲ್ಲಿನದೇ ಆಗಿತ್ತು, ಕಾಲಬುಡದಲ್ಲಿ ಹಬೆಯ ಕೊಳವೆಯೂ ಬೆಚ್ಚಗೆ ಗುನುಗುತ್ತಿತ್ತು. ಆದರೆ ಮೇಲೆ ಪ್ರೇಕ್ಷಕರ ಸಾಲಿನ ಮರದ ಬೆಂಚಿನ ಮೇಲೆ, ಸರಿಯಾಗಿ ಅವನ ನೆತ್ತಿಯ ನೇರಕ್ಕೆ, ಕೊಡೆ ಹಿಡಿದು ವರ್ನಾ ಕೂರುತ್ತಿದ್ದಳು. ಅವನ ರೆಪ್ಪೆ ಅಂಟಿದರೆ ಸಾಕು, ಕೊಡೆಯ ತುದಿ ನೆಲಕ್ಕೆ ಟಕ್ಕೆಂದು ಬಡಿಯುತ್ತಿತ್ತು. ರಾತ್ರಿ ಊಟವಾದ ಮೇಲೆ ಅವತ್ತಿನ ಮಸೂದೆಯ ಮೇಲೆ ಪ್ರಶ್ನೆ ಬೇರೆ. ಅಷ್ಟೂ ಮಸೂದೆಗಳನ್ನು ಎಚ್ಚರವಿದ್ದು ಕೇಳಿದವನು ಆ ಸಭೆಯಲ್ಲಿ ಅವನೊಬ್ಬನೇ ಎಂದು ಪೇಪರಿನವರು ಬರೆದರು. ಹಸಿರು ದಿಂಬು ಎಲ್ಲಿತ್ತು ಎಂದು ಕೇಳುತ್ತೀರಾ? ಮರದ ಬೆಂಚು ಗಟ್ಟಿ ಎಂದು ವರ್ನಾ ಮೊದಲ ದಿನವೇ ಅದನ್ನು ಮೇಲಕ್ಕೆ ತೆಗೆದುಕೊಂಡು ಹೋಗಿದ್ದಳು. ವಸಂತದಲ್ಲಿ ಊರಿಗೆ ಬಂದ ಎಲ್ವಿನ್ ಮೂರು ವಾರ ಬೇಲಿ ಕಟ್ಟಿದ. ಎರಡು ವರ್ಷದ ಮೇಲೆ, ಗಂಡನೇ ತೋರಿಸಿಕೊಟ್ಟ ಹೆಸರಲ್ಲವೇ ಎಂದು, ಊರು ಪಾಳಿಯನ್ನು ವರ್ನಾಗೆ ಕೊಟ್ಟಿತು. ಅವಳಿಗೆ ಒಂದು ಕಮ್ಮಿ ಎಲ್ಲ ವೋಟು ಬಿತ್ತು. ಆ ಚಳಿಗಾಲವೆಲ್ಲ ಎಲ್ವಿನ್ ನಸುಕಿನ ನಾಲ್ಕಕ್ಕೆ ಎದ್ದು ಒಬ್ಬನೇ ಹಾಲು ಕರೆದ.

ಇದನ್ನೆಲ್ಲ ನನಗೆ ಹೇಳಿದ್ದು ವರ್ನಾ, ಎಷ್ಟೋ ವರ್ಷದ ಮೇಲೆ, ಎಲ್ವಿನ್‌ನನ್ನು ಮಣ್ಣು ಮಾಡಿ ಬಂದ ದಿನ. ಚರ್ಚಿನ ಅಡುಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿ ಇಡುತ್ತಿದ್ದೆ.

“ಸಾಯೋವರೆಗೂ ಅದೊಂದೇ ಅವನಿಗೆ ಭಯ, ಊರಿಗೆ ಗೊತ್ತಾಗಿಬಿಟ್ರೆ ಅಂತ,” ಎಂದಳು. “ನಮ್ಮಿಬ್ಬರನ್ನ ಬಿಟ್ಟು ಒಂದು ನರಪಿಳ್ಳೆಗೂ ಗೊತ್ತಾಗ್ಲಿಲ್ಲ ನೋಡು.”

ನನ್ನ ಕೈಯಲ್ಲಿ ಅವಳದೇ ಜಾಮ್ ಬಾಟಲಿ ಇತ್ತು. ಊರಿನ ಪ್ರತಿಯೊಂದು ಮನೆಯ ಬೀರುವಿನಲ್ಲೂ ಅಂಥದ್ದೊಂದು ಇರುತ್ತಿತ್ತು. ಮೇಲಿನ ಚೀಟಿಯಲ್ಲಿ ದುಂಡನೆಯ ಅಕ್ಷರದಲ್ಲಿ ‘ವರ್ನಾ ಟ್ರಾಸ್ಕ್, ಕಾಡು ಸ್ಟ್ರಾಬೆರಿ’. ಅದೇ ದುಂಡು, ಅದೇ ಬಾಲ ಎತ್ತಿದ ಕೊನೆಯಕ್ಷರ. ಅವತ್ತು ಬ್ಯೂಲಾ ಕನ್ನಡಕ ಮೇಲಕ್ಕೆ ತಳ್ಳಿ ನೋಡಿದ್ದೂ ಅದನ್ನೇ, ನಮಗೆ ತೋರಿಸಿದ್ದೂ ಅದನ್ನೇ. ಎಣಿಕೆಯವರು ಬಾಯಿ ಬಿಡುವುದಿಲ್ಲ ಎಂದು ಪ್ರಮಾಣ ಮಾಡಿದ್ದೆವು. ಆದರೂ ಗುರುವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಿತ್ತು. ಹ್ಯಾಟಿ ಅತ್ತೆಗೆ ಗೊತ್ತಿತ್ತು, ರಾಯ್ಸ್‌ಗೆ ಗೊತ್ತಿತ್ತು, ಏಣಿ ಕಳೆದುಕೊಂಡವರಿಗೂ ಗೊತ್ತಿತ್ತು. ಅವತ್ತು ಹೆಂಡತಿಯ ಹೆಸರು ಕೇಳಿ, ದಿಂಬು ಕೈಗೆ ಬಂದಾಗ ಎಲ್ವಿನ್ ಅತ್ತದ್ದನ್ನು ಎಲ್ಲರೂ ನೋಡಿದ್ದರು. ಅದರ ಮೇಲೆ ‘ಪೂರ್ತಿ’ ಅನ್ನಲು ಯಾರಿಗೂ ಮನಸ್ಸು ಬರಲಿಲ್ಲ.

ಬಾಟಲಿ ಚೆನ್ನಾಗಿ ಒರೆಸಿ ಮೇಜಿನ ಮೇಲಿಟ್ಟೆ.

“ಹೌದಾ ವರ್ನಾ!” ಎಂದೆ. “ನಾನಂತೂ ಅಂದ್ಕೊಂಡೇ ಇರ್ಲಿಲ್ಲಪ್ಪ.”